ಕಪ್ಪು ಕೋಟು ಕಳಚುವ ಮುನ್ನ



ನಮ್ಮ ಹೊಸೂರು ಕಡೆಯ ಮನೆಗಳಲ್ಲಿ ವಕೀಲರು ಅಂದರೆ ಈಗಲೂ ಕಣ್ಣ ಮುಂದೆ ಬರುವುದು ಕಪ್ಪು ಕೋಟು, ಬಿಳಿ ಪಟ್ಟಿ, ಕಂಕುಳಲ್ಲಿ ಕೇಸಿನ ಕಟ್ಟು. ಆದರೆ ನಮ್ಮ ಧರ್ಮಕೇಂದ್ರದಿಂದ ಕಾನೂನು ಓದಿದ ಹುಡುಗ ಹುಡುಗಿಯರಲ್ಲಿ ಹಲವರು ಊರಿನ ಕೋರ್ಟಿನ ಕಡೆ ಹೋಗಲೇ ಇಲ್ಲ. ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋದರು, ಲಾ ಫರ್ಮ್ ಸೇರಿದರು. ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಊಟದ ಹೊತ್ತು ಮೀರಿದ ಮೇಲೆಯೇ ಮನೆ ಕಾಣುತ್ತಾರೆ. ಹೀಗೆ ನಾಲ್ಕೈದು ವರ್ಷ ಕಳೆದ ಮೇಲೆ ಬಹುತೇಕ ಎಲ್ಲರ ಮುಂದೆಯೂ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ: ಫರ್ಮ್ ಬಿಟ್ಟು ಯಾವುದಾದರೂ ಕಂಪನಿಯ ಲೀಗಲ್ ವಿಭಾಗಕ್ಕೆ ಸೇರಬೇಕೇ? ‘ಇನ್-ಹೌಸ್’ ಎಂದು ಅವರು ಹೇಳುವುದು ಇದನ್ನೇ.

ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಅಮ್ಮನಿಗೆ ಸಂತೋಷ. ತಿಂಗಳ ಸಂಬಳ, ಪಿ.ಎಫ್., ಸಂಜೆ ಮನೆಯವರ ಜೊತೆ ಊಟ, ಮದುವೆ ಮಾತಿಗೂ ಅನುಕೂಲ. ಚಿಕ್ಕಪ್ಪನಿಗೆ ಬೇಸರ. “ಅಷ್ಟು ಕಷ್ಟಪಟ್ಟು ಓದಿಸಿದ್ದು ಕೋಟು ಬಿಚ್ಚಿಡೋಕಾ?” ಎನ್ನುತ್ತಾರೆ. ನಮ್ಮ ಯುವಬಳಗದಲ್ಲಿ ಈ ವಿಷಯ ಪದೇ ಪದೇ ಚರ್ಚೆಗೆ ಬಂದಿದೆ. ಫರ್ಮಿನಲ್ಲಿರುವವರೂ, ಫರ್ಮ್ ಬಿಟ್ಟು ಬಂದವರೂ ನಮ್ಮಲ್ಲಿದ್ದಾರೆ. ಅದನ್ನೆಲ್ಲ ಕೇಳಿದ ಮೇಲೆ ನಮಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಭಿಪ್ರಾಯ ಇಷ್ಟು: ಕಂಪನಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ, ಅವಮಾನವೂ ಇಲ್ಲ. ಆದರೆ ಹೋಗುವವರು ಸಂಬಳವನ್ನೂ ವೇಳೆಯನ್ನೂ ಮಾತ್ರ ತೂಗಿ ನೋಡಿದರೆ ಸಾಲದು. ಮಾಲೀಕನಿಗೆ ‘ಇದು ಆಗದು’ ಎಂದು ಹೇಳುವ ಶಕ್ತಿ ಅಲ್ಲಿ ಹೋದ ಮೇಲೂ ನಮಗೆ ಉಳಿಯುತ್ತದೆಯೇ ಎಂಬುದನ್ನೂ ನೋಡಬೇಕು.

ಫರ್ಮ್ ಬಿಡುವುದೇಕೆ?

ಫರ್ಮಿನ ಕೆಲಸವನ್ನು ಹಗುರವಾಗಿ ಕಾಣಬೇಡಿ. ಕಾನೂನನ್ನು ಕೂತು ಓದುವುದು, ಒಂದು ಒಪ್ಪಂದದಲ್ಲಿ ಅಲ್ಪವಿರಾಮ ತಪ್ಪಿದರೂ ಹಿರಿಯರು ಹಿಡಿದು ತೋರಿಸುವುದು, ಹತ್ತು ಬಗೆಯ ಕಕ್ಷಿದಾರರ ವ್ಯವಹಾರ ಕಣ್ಣಾರೆ ಕಾಣುವುದು, ಇವೆಲ್ಲ ಬೇರೆಡೆ ಅಷ್ಟು ಬೇಗ ಸಿಗುವ ಪಾಠಗಳಲ್ಲ. ಆದರೆ ಅಲ್ಲಿ ಗಂಟೆಗಳನ್ನು ಲೆಕ್ಕ ಹಾಕುತ್ತಾರೆ. ದಿನದಲ್ಲಿ ಯಾವ ಕಕ್ಷಿದಾರನಿಗೆ ಎಷ್ಟು ಗಂಟೆ ದುಡಿದಿರಿ ಎಂದು ಬರೆದಿಡಬೇಕು, ಆ ಗಂಟೆಗಳೇ ಬಿಲ್ ಆಗುತ್ತವೆ. ಗಂಟೆ ಹೆಚ್ಚಿದಷ್ಟು ಫರ್ಮಿಗೆ ಆದಾಯ. ಹಾಗಾಗಿ ‘ಸಾಕು’ ಎಂಬ ಮಾತು ಅಲ್ಲಿ ಅಪರೂಪ. ಭಾನುವಾರದ ಪೂಜೆಯ ಮಧ್ಯೆ ಫೋನು ನಡುಗಿದರೆ ಎದ್ದು ಹೊರಗೆ ಹೋಗುವ ನಮ್ಮ ಮಕ್ಕಳನ್ನು ನೀವೂ ನೋಡಿದ್ದೀರಿ.

ಇನ್ನೊಂದು ಕಾರಣವೂ ಇದೆ. ಫರ್ಮಿನಲ್ಲಿ ಒಂದು ಒಪ್ಪಂದ ಬರೆದು ಕಳುಹಿಸಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಕಾರ್ಖಾನೆ ಕಟ್ಟಿದರೋ ಇಲ್ಲವೋ, ಆ ವ್ಯಾಪಾರ ನಡೆಯಿತೋ ನಿಂತಿತೋ ಗೊತ್ತಾಗುವುದಿಲ್ಲ. ಕಂಪನಿಯಲ್ಲಿದ್ದರೆ ಒಂದು ಕೆಲಸವನ್ನು ಬೀಜದಿಂದ ಕೊಯ್ಲಿನವರೆಗೂ ನೋಡಬಹುದು. ಈ ಆಸೆ ಒಳ್ಳೆಯ ಆಸೆಯೇ. ಬರೀ ಸುಸ್ತಾಗಿದೆ ಎಂದು ಫರ್ಮ್ ಬಿಡುವವರಿಗಿಂತ ಈ ಆಸೆಯಿಂದ ಹೋಗುವವರು ಅಲ್ಲಿ ಹೆಚ್ಚು ಕಾಲ ನಿಲ್ಲುತ್ತಾರೆ ಎಂಬುದು ನಾವು ಕಂಡದ್ದು.

ಕೋಟಿನ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ?

ಮನೆಯವರಿಗೆ ಇದು ತಿಳಿದಿರಲಿ. ಭಾರತದಲ್ಲಿ ಕಂಪನಿಯ ಪೂರ್ಣಾವಧಿ ಸಂಬಳದ ನೌಕರನಾಗಿದ್ದುಕೊಂಡು ವಕೀಲಿ ವೃತ್ತಿ ಮಾಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ 49ನೇ ನಿಯಮ ಇದನ್ನು ಹೇಳುತ್ತದೆ. ಅಂಥ ಕೆಲಸಕ್ಕೆ ಸೇರಿದ ಕೂಡಲೇ ತನ್ನ ಹೆಸರು ಯಾವ ರಾಜ್ಯದ ವಕೀಲರ ಪರಿಷತ್ತಿನಲ್ಲಿದೆಯೋ ಅಲ್ಲಿಗೆ ತಿಳಿಸಬೇಕು, ಆ ಕೆಲಸದಲ್ಲಿರುವಷ್ಟು ಕಾಲ ವೃತ್ತಿ ನಿಲ್ಲಿಸಬೇಕು. ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಇದೇ ನಿಯಮವನ್ನು ಎತ್ತಿಹಿಡಿದಿದೆ.

ಇದರ ಅರ್ಥ ಓದಿದ್ದೆಲ್ಲ ನೀರಿಗೆ ಹೋಯಿತೆಂದಲ್ಲ. ಸನ್ನದನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಲು ಪರಿಷತ್ತಿನ ನಿಯಮಗಳಲ್ಲೇ ದಾರಿಯಿದೆ. ಕಂಪನಿ ಬಿಟ್ಟ ಮೇಲೆ ಅರ್ಜಿ ಕೊಟ್ಟು ಮತ್ತೆ ವೃತ್ತಿಗೆ ಮರಳಬಹುದು. ನಮ್ಮ ಗಡಿಯ ಹುಡುಗರಿಗೆ ಇಲ್ಲೊಂದು ಸಣ್ಣ ಗೊಂದಲ ಬರುತ್ತದೆ. ಮನೆ ತಮಿಳುನಾಡಿನಲ್ಲಿ, ಕಾಲೇಜು ಮತ್ತು ಕೆಲಸ ಕರ್ನಾಟಕದಲ್ಲಿ. ಪತ್ರ ಕೊಡಬೇಕಾದದ್ದು ಹೆಸರು ದಾಖಲಾಗಿರುವ ಪರಿಷತ್ತಿಗೆ. ಚೆನ್ನೈನಲ್ಲಿ ದಾಖಲಾಗಿದ್ದರೆ ಚೆನ್ನೈಗೆ, ಬೆಂಗಳೂರಿನಲ್ಲಿ ದಾಖಲಾಗಿದ್ದರೆ ಬೆಂಗಳೂರಿಗೆ. ‘ಯಾರು ನೋಡುತ್ತಾರೆ ಬಿಡು’ ಎಂದು ಪತ್ರ ಕೊಡದೆ ಇರುವವರೂ ಉಂಟು. ಬೇರೆಯವರಿಗೆ ಕಾನೂನು ಹೇಳುವ ಕೆಲಸಕ್ಕೆ ಹೊರಟವರು ಮೊದಲ ಹೆಜ್ಜೆಯಲ್ಲೇ ಕಾನೂನು ತಪ್ಪಿಸುವುದು ಚೆಂದವಲ್ಲ.

ನ್ಯಾಯಾಧೀಶರಾಗುವ ಕನಸಿರುವವರು ಇನ್ನೂ ಎಚ್ಚರದಿಂದಿರಿ. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ಕೆಳಹಂತದ ಹುದ್ದೆಯ ಪರೀಕ್ಷೆಗೆ ಕನಿಷ್ಠ 3 ವರ್ಷಗಳ ವಕೀಲಿ ಅನುಭವ ಬೇಕೆಂಬ ಷರತ್ತನ್ನು ಮತ್ತೆ ತಂದಿತು. ಕಂಪನಿಯ ಕುರ್ಚಿಯಲ್ಲಿ ಕಳೆದ ವರ್ಷಗಳು ವಕೀಲಿಯ ವರ್ಷಗಳಲ್ಲ. ಆ ಕನಸಿದ್ದರೆ ಮೊದಲು ಕೋರ್ಟಿನ ವರ್ಷಗಳನ್ನು ಮುಗಿಸಿ, ನೇಮಕಾತಿಯ ಅಧಿಸೂಚನೆಯನ್ನು ಸಾಲುಸಾಲಾಗಿ ಓದಿ, ಆಮೇಲೆ ತೀರ್ಮಾನ ಮಾಡಿ.

ಸಂಬಳದ ಲೆಕ್ಕ

ಅಮ್ಮಂದಿರ ಲೆಕ್ಕವನ್ನು ನಾವು ಹಗುರ ಮಾಡುವುದಿಲ್ಲ. ಫರ್ಮಿನಲ್ಲಿ ದುಡಿಯುವ ಕಿರಿಯ ವಕೀಲರಿಗೆ ಸಾಮಾನ್ಯವಾಗಿ ಸಿಗುವುದು ಸಂಬಳವಲ್ಲ, ವೃತ್ತಿ ಶುಲ್ಕ. 49ನೇ ನಿಯಮದ ಕಾರಣದಿಂದಲೇ ಈ ಏರ್ಪಾಡು. ಶೇ. 10 ಟಿ.ಡಿ.ಎಸ್. ಕಡಿದು ಉಳಿದದ್ದು ಕೈಗೆ ಬರುತ್ತದೆ. ಪಿ.ಎಫ್. ಇಲ್ಲ, ಗ್ರ್ಯಾಚುಟಿ ಇಲ್ಲ. ಹೆರಿಗೆ ರಜೆಯೂ ಫರ್ಮಿನವರ ಮನಸ್ಸನ್ನೇ ಅವಲಂಬಿಸಿರುತ್ತದೆ. ಕಂಪನಿಯ ನೌಕರಳಾದರೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಕಾನೂನಿನ ಹಕ್ಕು. ಮದುವೆಯಾದ ನಮ್ಮ ಅಕ್ಕಂದಿರಲ್ಲಿ ಹಲವರು ಫರ್ಮ್ ಬಿಟ್ಟದ್ದಕ್ಕೆ ಇದೊಂದೇ ಸಾಕಾದ ಕಾರಣವಾಗಿತ್ತು, ಅದರಲ್ಲಿ ತಪ್ಪು ಹುಡುಕುವುದು ಅನ್ಯಾಯ.

ಆದರೆ ಕಂಪನಿಯವರು ಹೇಳುವ ‘ಸಿ.ಟಿ.ಸಿ.’ ಎಂಬ ದೊಡ್ಡ ಅಂಕಿಯನ್ನು ಹಾಗೇ ನಂಬಬೇಡಿ. ಅದರೊಳಗೆ ಮಾಲೀಕರು ಕಟ್ಟುವ ಪಿ.ಎಫ್. ಪಾಲು, ಗ್ರ್ಯಾಚುಟಿ, ವಿಮೆಯ ಕಂತು, ಕಂಪನಿಗೆ ಲಾಭ ಬಂದರೆ ಮಾತ್ರ ಸಿಗುವ ಬೋನಸ್ಸು ಎಲ್ಲವೂ ಸೇರಿರಬಹುದು. ಉದಾಹರಣೆಗೆ ಮೂಲ ವೇತನ 50,000 ರೂಪಾಯಿ ಇದ್ದು ಅದರ ಮೇಲೆ ಶೇ. 12 ಪಿ.ಎಫ್. ಕಟ್ಟಿದರೆ ನಿಮ್ಮ ಪಾಲು 6,000, ಮಾಲೀಕರ ಪಾಲು 6,000. ಎರಡೂ ನಿಮ್ಮ ಹಣವೇ, ಆದರೆ ಈ ತಿಂಗಳ ಬಾಡಿಗೆಗೆ ಒದಗುವುದಿಲ್ಲ. ‘ಕೈಗೆ ಎಷ್ಟು ಬರುತ್ತದೆ?’ ಎಂದು ನೇರವಾಗಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಒಬ್ಬನೇ ಕಕ್ಷಿದಾರ

ಈಗ ಮುಖ್ಯ ಮಾತಿಗೆ ಬರೋಣ. ಹೊರಗಿನ ವಕೀಲನಿಗೆ ಕಕ್ಷಿದಾರರು ಹತ್ತಾರು. ಒಬ್ಬನು ‘ಈ ದಾಖಲೆಯ ತಾರೀಕು ಹಿಂದಕ್ಕೆ ಹಾಕಿ ಕೊಡಿ’ ಎಂದರೆ ‘ಬೇರೆ ವಕೀಲರನ್ನು ನೋಡಿಕೊಳ್ಳಿ’ ಎಂದು ಫೈಲು ವಾಪಸು ಕೊಡಬಹುದು. ಆ ತಿಂಗಳು ಸ್ವಲ್ಪ ಆದಾಯ ಕಡಿಮೆಯಾಗುತ್ತದೆ, ಅಷ್ಟೆ. ಕಂಪನಿಯೊಳಗಿನ ವಕೀಲನಿಗೆ ಕಕ್ಷಿದಾರ ಒಬ್ಬನೇ. ಸಂಬಳ ಕೊಡುವವನೂ ಅವನೇ, ವರ್ಷದ ಕೊನೆಗೆ ಅಂಕ ಹಾಕುವವನೂ ಅವನೇ, ಮನೆ ಸಾಲದ ಕಂತು ಕಟ್ಟಿಸುವವನೂ ಒಂದು ರೀತಿಯಲ್ಲಿ ಅವನೇ. ಅವನಿಗೆ ‘ಆಗದು’ ಎನ್ನುವುದು ಬೇರೆಯೇ ಕಷ್ಟ.

ಇದು ನಮ್ಮ ಊಹೆ ಮಾತ್ರವಲ್ಲ, ನ್ಯಾಯಾಲಯಗಳೂ ಇದನ್ನು ಗಮನಿಸಿವೆ. ಯುರೋಪಿನ ನ್ಯಾಯಾಲಯ 2010ರಲ್ಲಿ ಅಕ್ಜೊ ನೊಬೆಲ್ ಪ್ರಕರಣದಲ್ಲಿ, ಕಂಪನಿಯ ನೌಕರನಾಗಿರುವ ವಕೀಲನಿಗೆ ಹೊರಗಿನ ವಕೀಲನಷ್ಟು ಸ್ವಾತಂತ್ರ್ಯ ಇರುವುದಿಲ್ಲ ಎಂದು ಹೇಳಿತು. ನಮ್ಮ ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ, ವಕೀಲ ಮತ್ತು ಕಕ್ಷಿದಾರನ ನಡುವಿನ ಗುಟ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಕೊಡುವ ರಕ್ಷಣೆ ಕಂಪನಿಯ ಸಂಬಳದ ಕಾನೂನು ಅಧಿಕಾರಿಗೆ ಸಿಗುವುದಿಲ್ಲ ಎಂದಿತು. ಅವರು ಕೋರ್ಟಿನಲ್ಲಿ ವೃತ್ತಿ ಮಾಡುವ ವಕೀಲರಲ್ಲ, ಮಾಲೀಕನ ವ್ಯಾಪಾರದ ಹಿತಕ್ಕೆ ಕಟ್ಟುಬಿದ್ದವರು ಎಂಬುದು ಅದರ ಹಿಂದಿನ ವಿಚಾರ.

ಇದರಿಂದ ದಿನದ ಕೆಲಸದಲ್ಲಿ ಆಗುವುದೇನು? ಕಂಪನಿಯ ಮ್ಯಾನೇಜರು ನಿಮಗೆ ಕಳುಹಿಸುವ ಇ-ಮೇಲ್, ನೀವು ಕೊಡುವ ಉತ್ತರ, ಎರಡೂ ನಾಳೆ ತನಿಖೆಯವರ ಮೇಜಿನ ಮೇಲೆ ಬರಬಹುದು. ‘ಲಾಯರಿಗೆ ಹೇಳಿದ್ದು ಗುಟ್ಟಾಗಿರುತ್ತದೆ’ ಎಂಬ ಭರವಸೆ ಹೊರಗಿನ ವಕೀಲರಿಗೆ ಇರುವಷ್ಟು ನಿಮಗಿಲ್ಲ. ಆದ್ದರಿಂದ ಬರೆಯುವ ಪ್ರತಿ ಸಾಲೂ ಹಗಲು ಬೆಳಕಿನಲ್ಲಿ ಓದಿಸಿಕೊಳ್ಳುವಂತಿರಬೇಕು. ಕೆಟ್ಟ ಕೆಲಸಕ್ಕೆ ನೆರವಾಗುವ ಮಾತನ್ನು ಬರೆಯದಿರುವುದು ಧರ್ಮದ ಪ್ರಶ್ನೆ ಹೇಗೋ ಹಾಗೇ ನಿಮ್ಮ ರಕ್ಷಣೆಯ ಪ್ರಶ್ನೆಯೂ ಹೌದು.

ಫರ್ಮಿನ ಕಿರಿಯನಿಗೂ ‘ಆಗದು’ ಎನ್ನುವ ಸ್ವಾತಂತ್ರ್ಯ ಎಲ್ಲಿದೆ ಎಂದು ನೀವು ಕೇಳಬಹುದು. ಒಪ್ಪುತ್ತೇವೆ. ಹಿರಿಯರು ಹೇಳಿದ್ದನ್ನು ಮಾಡಬೇಕಾದ ಪರಿಸ್ಥಿತಿ ಅಲ್ಲಿಯೂ ಇದೆ. ಆದರೆ ಅಲ್ಲಿ ಕಿರಿಯನ ಮೇಲೆ ಹಿರಿಯರಿರುತ್ತಾರೆ, ಕೊನೆಯ ಮಾತಿಗೆ ಅವರು ಹೊಣೆ. ಕಂಪನಿಯಲ್ಲಿ ಅನೇಕ ಕಡೆ ಲೀಗಲ್ ವಿಭಾಗವೆಂದರೆ ಒಬ್ಬರೋ ಇಬ್ಬರೋ. ಅವರ ಮೇಲಿರುವವರು ಹಣಕಾಸಿನ ಮುಖ್ಯಸ್ಥರು, ಕಾನೂನು ಓದಿದವರಲ್ಲ. 28 ವರ್ಷದ ಹುಡುಗಿಯೊಬ್ಬಳು ಇಡೀ ಕಂಪನಿಗೆ ಕಾನೂನಿನ ಕೊನೆಯ ಮಾತು ಹೇಳಬೇಕಾದ ಸ್ಥಿತಿ ಬರುತ್ತದೆ. ‘ನಾಳೆ ಬೆಳಿಗ್ಗೆ ಸಹಿ ಆಗಬೇಕು, ಅಡ್ಡಗಾಲು ಹಾಕಬೇಡಮ್ಮ’ ಎಂದು ಎಲ್ಲರೂ ಸುತ್ತ ನಿಂತಿರುತ್ತಾರೆ. ಆಗ ಅವಳ ಬೆನ್ನಿಗೆ ಯಾರೂ ಇರುವುದಿಲ್ಲ.

ಗೇಟಿನ ಆಚೆ ಈಚೆ ನಮ್ಮವರೇ

ಇದನ್ನು ನಾವು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಊರು. ಹೊಸೂರೆಂದರೆ ಸಿಪ್ಕಾಟ್, ಸಿಪ್ಕಾಟ್ ಎಂದರೆ ಕಾರ್ಖಾನೆ. ನಮ್ಮ ಧರ್ಮಕೇಂದ್ರದ ಯಾವ ಬೀದಿಗೆ ಹೋದರೂ ಪಾಳಿಗೆ ಹೋಗುವವರಿದ್ದಾರೆ. ಅವರಲ್ಲಿ ಕಾಯಂ ಕಾರ್ಮಿಕರೂ ಇದ್ದಾರೆ, ಕಾಂಟ್ರ್ಯಾಕ್ಟ್ ಮೇಲೆ ಹೋಗುವವರೂ ಇದ್ದಾರೆ. ಕಂಪನಿಯ ಲೀಗಲ್ ವಿಭಾಗದಲ್ಲಿ ಕೂತ ನಮ್ಮ ಹುಡುಗಿ ಗುತ್ತಿಗೆದಾರನ ಜೊತೆ ಒಂದು ಒಪ್ಪಂದ ಬರೆಯುತ್ತಾಳೆ. ಆ ಒಪ್ಪಂದದ ಇನ್ನೊಂದು ತುದಿಯಲ್ಲಿ, ಹೆಲ್ಮೆಟ್ ಹಾಕಿಕೊಂಡು ಗೇಟಿನ ಸಾಲಿನಲ್ಲಿ ನಿಂತವನು ಅವಳ ಜೊತೆ ಉಪದೇಶದ ತರಗತಿಗೆ ಬರುತ್ತಿದ್ದ ಹುಡುಗನೇ ಆಗಿರಬಹುದು.

ಗುತ್ತಿಗೆದಾರ ಕೂಲಿ ಕೊಡದೆ ಓಡಿಹೋದರೆ ಆ ಕೂಲಿಯನ್ನು ಮುಖ್ಯ ಮಾಲೀಕನೇ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿದ್ದ ನಿಯಮ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದಿದೆ. ಈ ನಿಯಮ ಕಾರ್ಮಿಕನಿಗೆ ಗೊತ್ತಿರುವುದಿಲ್ಲ. ಗುತ್ತಿಗೆದಾರನಿಗೆ ಗೊತ್ತಿದ್ದರೂ ಹೇಳುವುದಿಲ್ಲ. ಕಂಪನಿಯ ಒಳಗೆ ಇದನ್ನು ನೆನಪಿಸಬೇಕಾದವಳು ಆ ಲೀಗಲ್ ಹುಡುಗಿ. ‘ಗುತ್ತಿಗೆದಾರನ ಬಿಲ್ ಕೊಡುವ ಮೊದಲು ಕೂಲಿ ಪಾವತಿಯ ದಾಖಲೆ ನೋಡೋಣ’ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಸೇರಿಸಿದರೆ ಸಾಕು, ಗೇಟಿನ ಹೊರಗಿನ ನೂರು ಮನೆಗಳಲ್ಲಿ ತಿಂಗಳ ಮೊದಲ ವಾರ ಒಲೆ ಉರಿಯುತ್ತದೆ. ಕಂಪನಿಗೂ ಮುಂದೆ ಬರುವ ಕೇಸು ತಪ್ಪುತ್ತದೆ. ಅವಳು ಕಂಪನಿಗೆ ದ್ರೋಹ ಮಾಡಿದಂತಲ್ಲ, ಕಂಪನಿಗೆ ಒಳ್ಳೆಯ ಸಲಹೆ ಕೊಟ್ಟಂತೆ.

ಕಂಪನಿ ಲಾಯರ್ ಅಂದರೆ ಮಾಲೀಕರ ಪರ, ನಮ್ಮ ಮಕ್ಕಳು ಅಲ್ಲಿ ಹೋಗಲೇಬಾರದು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಯೂನಿಯನ್ನಿನಲ್ಲಿ ದುಡಿದ ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾಗದು. ಆ ಕುರ್ಚಿ ಖಾಲಿ ಇರುವುದಿಲ್ಲ, ಯಾರಾದರೂ ಕೂರುತ್ತಾರೆ. ಕಾರ್ಮಿಕನ ಮನೆಯ ಅಡುಗೆಮನೆ ಹೇಗಿರುತ್ತದೆಂದು ತಿಳಿದವರು ಅಲ್ಲಿ ಕೂತರೆ ಒಳ್ಳೆಯದಲ್ಲವೇ? 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ಹೇಳುತ್ತದೆ. ಆ ಸಮಿತಿ ಕಾಗದದ ಮೇಲೆ ಇರುತ್ತದೋ, ಪಾಳಿ ಮುಗಿಸಿ ಬರುವ ಹುಡುಗಿ ಧೈರ್ಯವಾಗಿ ಬಾಗಿಲು ತಟ್ಟುವಂತೆ ಇರುತ್ತದೋ ಎಂಬುದು ಬಹಳ ಮಟ್ಟಿಗೆ ಒಳಗಿರುವ ಕಾನೂನಿನವರ ಕೈಯಲ್ಲಿದೆ.

ಭಾಷೆಯ ವಿಷಯದಲ್ಲಿ ನಮ್ಮ ಗಡಿಯ ಮಕ್ಕಳಿಗೆ ಒಂದು ಶಕ್ತಿಯೂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು. ಕಾರ್ಖಾನೆಯ ಸ್ಥಾಯಿ ಆದೇಶಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಹಾಕಬೇಕೆಂದು 1946ರ ಕಾಯಿದೆಯಲ್ಲೇ ಬರೆದಿತ್ತು. ಬೋರ್ಡಿನಲ್ಲಿ ಹಾಕಿದರೆ ಸಾಲದು, ಓದಿ ಹೇಳುವವರೂ ಬೇಕು. ಒಬ್ಬ ಕಾರ್ಮಿಕನಿಗೆ ಬಂದ ನೋಟಿಸಿನ ಅರ್ಥವನ್ನು ಅವನ ಮಾತಿನಲ್ಲೇ ಬಿಡಿಸಿ ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಬೆಂಗಳೂರಿನ ದೊಡ್ಡ ಕಾಲೇಜಿನಿಂದ ಬಂದವರಿಗೆ ಇಲ್ಲದ ಈ ಗುಣಕ್ಕೆ ಸಂದರ್ಶನದಲ್ಲಿ ನಾಚಬೇಡಿ, ಎದೆ ಎತ್ತಿ ಹೇಳಿ.

ಒಂದು ಮಾತು ಸ್ಪಷ್ಟವಾಗಿರಲಿ. ಕಂಪನಿಯೊಳಗಿನ ಗುಟ್ಟನ್ನು ತಂದು ಊರಲ್ಲಿ ಹೇಳುವುದು ನ್ಯಾಯವಲ್ಲ. ‘ನಮ್ಮ ಲೈನಿನಲ್ಲಿ ಯಾರನ್ನು ತೆಗೀತಾರೆ ಹೇಳಕ್ಕ’ ಎಂದು ಪೂಜೆ ಮುಗಿದ ಮೇಲೆ ಯಾರಾದರೂ ಕೇಳಿದರೆ ಅವಳು ಬಾಯಿ ಮುಚ್ಚಿಕೊಳ್ಳಬೇಕು. ಕೇಳುವವರೂ ಅವಳನ್ನು ಆ ಸಂಕಟಕ್ಕೆ ನೂಕಬಾರದು. ಅವಳ ಧೈರ್ಯ ತೋರಬೇಕಾದ ಜಾಗ ಕಂಪನಿಯ ಮೀಟಿಂಗು.

ಒಬ್ಬ ಸಂತ ಇದೇ ದಾರಿಯಲ್ಲಿ ನಡೆದಿದ್ದರು

ಜೂನ್ 22ರಂದು ನಾವು ಸ್ಮರಿಸುವ ಸಂತ ಥಾಮಸ್ ಮೋರ್ ಲಂಡನ್ನಿನ ವಕೀಲರು. ವ್ಯಾಪಾರಿಗಳ ಪರವಾಗಿ ಕೆಲಸ ಮಾಡಿ ಚೆನ್ನಾಗಿ ಸಂಪಾದಿಸುತ್ತಿದ್ದವರು. ಆಮೇಲೆ ಎಂಟನೇ ಹೆನ್ರಿ ರಾಜನ ಸೇವೆಗೆ ಸೇರಿದರು. ಅಂದರೆ ಹಲವು ಕಕ್ಷಿದಾರರನ್ನು ಬಿಟ್ಟು ಒಬ್ಬನೇ ಒಡೆಯನ ಬಳಿಗೆ ಹೋದರು. ಸುಮ್ಮನೆ ಹೋಗಲಿಲ್ಲ. 1516ರಲ್ಲಿ ಪ್ರಕಟವಾದ ಅವರ ‘ಯುಟೋಪಿಯ’ ಪುಸ್ತಕದ ಮೊದಲ ಭಾಗದಲ್ಲಿ ನಡೆಯುವ ದೊಡ್ಡ ವಾದವೇ ಇದು: ತಿಳಿದವನು ರಾಜನ ಸೇವೆಗೆ ಹೋಗಬೇಕೇ, ಹೋದರೆ ಅವನ ಮಾತು ಅಲ್ಲಿ ನಡೆಯುತ್ತದೆಯೇ? ಪುಸ್ತಕದಲ್ಲಿ ಎರಡೂ ಕಡೆಯ ವಾದವಿದೆ. ಬದುಕಿನಲ್ಲಿ ಮೋರ್ ಹೋಗುವುದನ್ನು ಆರಿಸಿಕೊಂಡರು, 1529ರಲ್ಲಿ ರಾಜ್ಯದ ಚಾನ್ಸಲರ್ ಆದರು.

ರಾಜನ ದಾರಿ ತಮ್ಮ ಮನಸ್ಸಾಕ್ಷಿಗೆ ಒಪ್ಪದಾದಾಗ 1532ರಲ್ಲಿ ಆ ಹುದ್ದೆ ಬಿಟ್ಟರು. ಆದಾಯ ನಿಂತಿತು, ದೊಡ್ಡ ಮನೆತನ ಬಿಗಿ ಹಿಡಿದು ಬದುಕಬೇಕಾಯಿತು. 1535ರ ಜುಲೈ 6ರಂದು ಅವರ ತಲೆ ಹೋಯಿತು. ನಮ್ಮ ಯಾರ ತಲೆಯನ್ನೂ ಈಗ ಯಾರೂ ಕೇಳುವುದಿಲ್ಲ, ಹೆಚ್ಚೆಂದರೆ ಬಡ್ತಿ ತಪ್ಪುತ್ತದೆ, ಕೆಲಸ ಹೋಗುತ್ತದೆ. ಆದರೆ ಅವರಿಂದ ನಾವು ಕಲಿಯುವುದು ಸಾವಿನ ಧೈರ್ಯವನ್ನಷ್ಟೇ ಅಲ್ಲ. ಒಡೆಯನ ಸೇವೆಗೆ ಹೋಗುವುದು ಪಾಪವೆಂದು ಅವರು ತಿಳಿಯಲಿಲ್ಲ, ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಮರೆಯಲಿಲ್ಲ.

ಹೋಗುವ ಮುನ್ನ ಐದು ಸಿದ್ಧತೆ

ಮೊದಲನೆಯದು, ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿರಲಿ. ‘ಆಗದು’ ಎನ್ನುವ ಧೈರ್ಯಕ್ಕೆ ಬ್ಯಾಂಕಿನಲ್ಲಿ ಸ್ವಲ್ಪ ಹಣವಿರುವುದು ದೊಡ್ಡ ಊರುಗೋಲು. ಹೊಸ ಸಂಬಳದ ಬಲದ ಮೇಲೆ ಮೊದಲ ವರ್ಷವೇ ಕಾರು, ಫ್ಲ್ಯಾಟು ಎಂದು ಸಾಲದ ಹೊರೆ ಹೊತ್ತರೆ ಬಾಯಿಗೆ ನಾವೇ ಬೀಗ ಹಾಕಿಕೊಂಡಂತೆ.

ಎರಡನೆಯದು, ಆ ಕಂಪನಿಯಲ್ಲಿ ಲೀಗಲ್ ಮುಖ್ಯಸ್ಥರು ಯಾರಿಗೆ ವರದಿ ಮಾಡುತ್ತಾರೆಂದು ಸಂದರ್ಶನದಲ್ಲೇ ಕೇಳಿ. ಆಡಳಿತ ನಿರ್ದೇಶಕರಿಗೋ, ಮಂಡಳಿಗೋ ನೇರವಾಗಿ ಮಾತು ಮುಟ್ಟಿಸಬಹುದಾದರೆ ಒಳ್ಳೆಯದು. ಮಾರಾಟ ವಿಭಾಗದವರ ಕೈಕೆಳಗೆ ಲೀಗಲ್ ಇದ್ದರೆ ಎರಡು ಸಲ ಯೋಚಿಸಿ. ನಿಮಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಏಕೆ ಬಿಟ್ಟರೆಂದೂ ವಿಚಾರಿಸಿ.

ಮೂರನೆಯದು, ನೇಮಕಾತಿ ಪತ್ರವನ್ನು ಬೇರೆಯವರ ಒಪ್ಪಂದ ಓದುವಷ್ಟೇ ಎಚ್ಚರದಿಂದ ಓದಿ. ನೋಟಿಸ್ ಅವಧಿ ಎಷ್ಟು, ಬಾಂಡ್ ಇದೆಯೇ? ಇಷ್ಟು ವರ್ಷ ಇರಲೇಬೇಕು, ಇಲ್ಲವಾದರೆ ಹಣ ಕಟ್ಟಬೇಕು ಎಂಬ ಷರತ್ತು ಎಲ್ಲ ಸಂದರ್ಭದಲ್ಲೂ ಅಸಿಂಧುವಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಸರ್ಕಾರಿ ಬ್ಯಾಂಕಿನ 2 ಲಕ್ಷ ರೂಪಾಯಿಯ ಅಂಥ ಷರತ್ತನ್ನು ಎತ್ತಿಹಿಡಿದಿದೆ. ಬಿಟ್ಟು ಬರುವ ಬಾಗಿಲು ಎಷ್ಟು ಅಗಲವಿದೆಯೆಂದು ಒಳಗೆ ಹೋಗುವ ಮೊದಲೇ ಅಳೆಯಿರಿ.

ನಾಲ್ಕನೆಯದು, ಬರವಣಿಗೆಯ ಕ್ರಮ ಬದಲಿಸಿಕೊಳ್ಳಿ. ಫರ್ಮಿನಲ್ಲಿ 20 ಪುಟದ ಅಭಿಪ್ರಾಯ ಬರೆದವರಿಗೆ ಕಂಪನಿಯಲ್ಲಿ ಒಂದು ಪುಟದಲ್ಲಿ ಹೇಳಲು ಬರಬೇಕು. ಬರೀ ‘ಆಗದು’ ಎಂದರೆ ನಿಮ್ಮನ್ನು ಕೇಳುವುದನ್ನೇ ಬಿಡುತ್ತಾರೆ. ‘ಹೀಗೆ ಆಗದು, ಹೀಗಾದರೆ ಆಗುತ್ತದೆ’ ಎಂದರೆ ಮುಂದಿನ ಸಲ ಅವರೇ ಮೊದಲು ನಿಮ್ಮ ಬಳಿ ಬರುತ್ತಾರೆ. ಹತ್ತು ಸಲ ದಾರಿ ತೋರಿಸಿದವರ ಮಾತಿಗೆ ಹನ್ನೊಂದನೆಯ ಸಲ ‘ದಾರಿಯೇ ಇಲ್ಲ’ ಎಂದಾಗ ಬೆಲೆ ಸಿಗುತ್ತದೆ.

ಐದನೆಯದು, ಹೊರಗೆ ಇಬ್ಬರು ಹಿರಿಯ ವಕೀಲರ ಪರಿಚಯ ಉಳಿಸಿಕೊಳ್ಳಿ. ಕಂಪನಿಯ ಗುಟ್ಟು ಹೇಳದೆಯೇ ಕಾನೂನಿನ ಪ್ರಶ್ನೆಯನ್ನು ಚರ್ಚಿಸಬಹುದು. ದೊಡ್ಡ ವಿಷಯ ಬಂದಾಗ ಹೊರಗಿನ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯುವಂತೆ ಕಂಪನಿಯನ್ನೇ ಒಪ್ಪಿಸಿ. ಒಂಟಿಯಾಗಿ ಎದುರಿಸುವ ಒತ್ತಡ ಅರ್ಧ ಇಳಿಯುತ್ತದೆ.

ಮನೆಯವರಿಗೆ

ತಂದೆತಾಯಂದಿರೇ, ನಿಮ್ಮಲ್ಲಿ ನಮ್ಮದೊಂದು ವಿನಂತಿ. ಫರ್ಮ್ ಬಿಟ್ಟ ಮಗಳನ್ನು ‘ಕೋರ್ಟಿಗೆ ಹೋಗೋಕೆ ಆಗ್ಲಿಲ್ಲ’ ಎಂದು ನೆಂಟರ ಮುಂದೆ ಸಣ್ಣದು ಮಾಡಬೇಡಿ. ಹಾಗೆಯೇ ಸಂಬಳದ ಚೀಟಿ ನೋಡಿ ‘ಇನ್ನು ನೆಮ್ಮದಿ’ ಎಂದು ಕೈ ತೊಳೆದುಕೊಳ್ಳಲೂ ಬೇಡಿ. ಒಂದು ದಿನ ಅವಳು ಮನೆಗೆ ಬಂದು, “ಅಪ್ಪಾ, ಅವರು ಹೇಳಿದ್ದಕ್ಕೆ ನಾನು ಸಹಿ ಹಾಕಲಿಲ್ಲ, ಕೆಲಸ ಹೋಗಬಹುದು” ಎನ್ನಬಹುದು. ಆ ರಾತ್ರಿ ನೀವು ಆಡುವ ಮಾತು ಅವಳು ಓದಿದ ಎಲ್ಲ ಕಾನೂನಿಗಿಂತ ಹೆಚ್ಚು ತೂಗುತ್ತದೆ. “ಹೋಗಲಿ ಬಿಡಮ್ಮ, ನಾವಿದ್ದೀವಿ” ಎನ್ನುವ ಮನೆ ಹಿಂದಿದ್ದರೆ ಅವಳು ಯಾವ ಕಂಪನಿಯಲ್ಲಾದರೂ ತಲೆ ಎತ್ತಿ ದುಡಿಯುತ್ತಾಳೆ.

ಊರಿನಲ್ಲೇ ಕೋರ್ಟಿಗೆ ಹೋಗುವವರನ್ನೂ ಮರೆಯದಿರೋಣ. ಕಿರಿಯ ವಕೀಲರಿಗೆ ಪಟ್ಟಣಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಸಹಾಯಧನ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೂಚಿಸಿತು. ಅದು ಶಿಫಾರಸು ಮಾತ್ರ. ಬಸ್ಸಿನ ಖರ್ಚಿಗೂ ಸಾಲದಷ್ಟು ಪಡೆದು ಹಿರಿಯರ ಬಳಿ ಕಲಿಯುತ್ತಿರುವವರು ಈಗಲೂ ಇದ್ದಾರೆ. ಅವರಲ್ಲಿ ಕೆಲವರು ಉಳಿಯಲಿ ಎಂದು ನಾವು ಬಯಸುತ್ತೇವೆ. ಪಹಣಿ, ಪಟ್ಟಾ, ಅಪಘಾತದ ಪರಿಹಾರ ಎಂದು ಓಡಾಡುವ ನಮ್ಮ ಹಳ್ಳಿಯವರಿಗೆ ಕೋಟು ಹಾಕಿಕೊಂಡ ನಮ್ಮವರೊಬ್ಬರು ಕೋರ್ಟಿನ ಬಾಗಿಲಲ್ಲಿ ಬೇಕೇ ಬೇಕು. ಕಂಪನಿ ಸೇರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಅಣ್ಣ ಅಕ್ಕಂದಿರು ಅಂಥ ಒಬ್ಬ ಕಿರಿಯರಿಗೆ ಮೊದಲ ಎರಡು ವರ್ಷದ ಪುಸ್ತಕದ ಖರ್ಚು ಹೊತ್ತರೂ ಸಾಕು, ಎರಡು ದಾರಿಗಳೂ ಒಂದೇ ಊರಿಗೆ ಸೇರುತ್ತವೆ.

ಯುವಮಿತ್ರರೇ, ಯಾವ ದಾರಿ ಹಿಡಿಯಬೇಕೆಂದು ನಾವು ಆಜ್ಞೆ ಮಾಡುವವರಲ್ಲ. ಹೋಗುವುದಾದರೆ ಲೆಕ್ಕ ಹಾಕಿ ಹೋಗಿ, ಪರಿಷತ್ತಿಗೆ ಪತ್ರ ಕೊಟ್ಟು ಹೋಗಿ, ಎಲ್ಲಿ ನಿಲ್ಲಬೇಕೆಂದು ಮೊದಲೇ ಮನಸ್ಸಿನಲ್ಲಿ ಗೆರೆ ಎಳೆದುಕೊಂಡು ಹೋಗಿ. ಈ ದಾರಿಯಲ್ಲಿ ನಡೆದವರು ನಮ್ಮ ಬಳಗದಲ್ಲಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ಅವರನ್ನು ಹಿಡಿದು ಕೇಳಿ, ಹೇಳದೆ ಬಿಡುವುದಿಲ್ಲ. ದೇವರು ನಿಮಗೆ ಒಳ್ಳೆಯ ಕೆಲಸವನ್ನೂ, ಆ ಕೆಲಸದಲ್ಲಿ ನಿಜ ಹೇಳುವ ನಾಲಿಗೆಯನ್ನೂ ಕೊಡಲಿ.